ಬೇಲಿಯ ಹೊರಗಿನ ಕಲ್ಲುಗಳಿಗೂ ಲೆಕ್ಕವಿರಲಿ

ಸೊರಬ ತಾಲ್ಲೂಕಿನ ಆನವಟ್ಟಿಗೆ ಸಮೀಪದ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ನೋಡಿದವರು ಅದರ ವಿಶಾಲವಾದ ತೆರೆದ ಮಂಟಪವನ್ನು ಮರೆಯಲಾರರು. ಕಲ್ಯಾಣ ಚಾಲುಕ್ಯರ ಆಳ್ವಿಕೆಯ ಕಾಲದಲ್ಲಿ, ಸುಮಾರು 1100ರಲ್ಲಿ ನಿರ್ಮಾಣವಾದ ಈ ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 2010ರ ಕಾನೂನು ತಿದ್ದುಪಡಿಯ ಪ್ರಕಾರ ಇಂತಹ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ.

ಆದರೆ ಊರಿನ ಚರಿತ್ರೆ ಬೇಲಿಯೊಳಗೆ ಮುಗಿಯುವುದಿಲ್ಲ. ಶಾಸನಗಳು ಕುಪ್ಪಟೂರು ಎಂದು ಕರೆಯುವ ಈ ಅಗ್ರಹಾರದಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿ ಪಾರ್ಶ್ವದೇವ ಚೈತ್ಯಾಲಯ ಕಟ್ಟಿಸಿದಳು. ಅಗ್ರಹಾರದ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಡಿಸಿದಳು. ಈ ಸೌಹಾರ್ದದ ಸಂಗತಿ ನಮಗೆ ತಿಳಿದಿರುವುದು 1077ರ ಒಂದು ಕಲ್ಲು ಉಳಿದುದರಿಂದ.

ಅರಸಿಗೆ ಶಾಸನವಿದ್ದಂತೆ ಸಾಮಾನ್ಯನಿಗೆ ವೀರಗಲ್ಲು. ತುರುಗಾಳಗದಲ್ಲಿ ಮಡಿದವನ ಹೋರಾಟ ಕೆಳಗೆ, ಅಪ್ಸರೆಯರೊಡನೆ ಸ್ವರ್ಗಾರೋಹಣ ನಡುವೆ, ಶಿವಸಾನ್ನಿಧ್ಯ ಮೇಲೆ. ಸೊರಬ, ಶಿಕಾರಿಪುರ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು ಹೇರಳ. ಅವುಗಳಲ್ಲಿ ಎಷ್ಟೋ ಸಂರಕ್ಷಿತ ಪಟ್ಟಿಯಲ್ಲಿಲ್ಲ.

ಈ ವಿಷಯದಲ್ಲಿ ನಾನೂ ನಿರ್ದೋಷಿಯಲ್ಲ. ಸೇವೆಯಲ್ಲಿದ್ದಾಗ ಬೇರೊಂದು ಜಿಲ್ಲೆಯಲ್ಲಿ ರಸ್ತೆ ವಿಸ್ತರಣೆಯ ಅಂದಾಜುಪಟ್ಟಿಗೆ ಸಹಿ ಹಾಕಿದ್ದೆ. ಮರಗಳ ಲೆಕ್ಕವಿತ್ತು, ವಿದ್ಯುತ್ ಕಂಬಗಳ ಲೆಕ್ಕವಿತ್ತು. ರಸ್ತೆಬದಿಯ ವೀರಗಲ್ಲಿಗೆ ಕಾಲಂ ಇರಲಿಲ್ಲ. ಕಾಮಗಾರಿ ಮುಗಿದ ಮೇಲೆ ಆ ಕಲ್ಲು ಮೋರಿಯ ಅಡಿಪಾಯ ಸೇರಿತ್ತು. ನಿಯಮ ಮೀರಿದವರು ಯಾರೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ವೇಲ್ಸ್‌ನ ಹಳೆಯ ಚರ್ಚ್ ಅಂಗಳಗಳ ಸಮಾಧಿಕಲ್ಲುಗಳ ಬರಹವನ್ನು ಸ್ಥಳೀಯ ಸ್ವಯಂಸೇವಕರೇ ಸಾಲುಸಾಲಾಗಿ ನಕಲು ಮಾಡಿ ದಾಖಲಿಸಿದ್ದಾರೆ. ನಮ್ಮಲ್ಲಿ ಬಿ.ಎಲ್. ರೈಸ್ ಅವರು ಸೊರಬದ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಪ್ರಕಟಿಸಿ ಶತಮಾನ ಕಳೆದಿದೆ. ಅಕ್ಷರವಿಲ್ಲದ ಕಲ್ಲುಗಳಿಗೆ ಅಂತಹ ಸಂಪುಟದ ಆಸರೆಯೂ ಇಲ್ಲ.

ಮನೆ, ನಿವೇಶನಗಳಿಗೆ ವಹಿ ಇಡುವ ಗ್ರಾಮ ಪಂಚಾಯಿತಿ ಊರಿನ ಕಲ್ಲುಗಳಿಗೂ ಒಂದು ವಹಿ ಇಡಲಿ: ಸ್ಥಳ, ಅಳತೆ, ಒಂದು ಛಾಯಾಚಿತ್ರ. ಶಾಲಾ ಮಕ್ಕಳು, ಶಿಕ್ಷಕರು ನೆರವಾಗಬಲ್ಲರು. ಆ ವಹಿಯನ್ನು ನೋಡದೆ ಯಾವ ಕಾಮಗಾರಿಗೂ ಮಂಜೂರಾತಿ ಕೊಡಬಾರದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇದರ ವೆಚ್ಚ ಅತ್ಯಲ್ಪ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಮಾತ್ರ ಯಾವ ಅನುದಾನವೂ ಸಾಲದು.