ಮುಚ್ಚಿದ ಬಾಗಿಲು

ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಡದ ಮೇಲೆ ವೆಸ್ಟ್‌ಮಿನ್‌ಸ್ಟರ್ ಅರಮನೆಯಿದೆ. ಹೆಸರು ಅರಮನೆಯಾದರೂ ಅಲ್ಲಿ ಅರಸರ ವಾಸವಿಲ್ಲ. ಅದು ಬ್ರಿಟನ್ನಿನ ಪಾರ್ಲಿಮೆಂಟಿನ ನೆಲೆ. ಹೊಸ ಅಧಿವೇಶನ ಆರಂಭವಾಗುವ ದಿನ ದೊರೆ ಸಾರೋಟಿನಲ್ಲಿ ಅಲ್ಲಿಗೆ ಬರುತ್ತಾರೆ. ರತ್ನಖಚಿತವಾದ ಕಿರೀಟವನ್ನು ಧರಿಸಿ, ನೆಲದ ಮೇಲೆ ಹರಿಯುವ ನಿಲುವಂಗಿಯನ್ನು ತೊಟ್ಟು, ಲಾರ್ಡ್ಸ್ ಸಭೆಯ ಸಿಂಹಾಸನದ ಮೇಲೆ ಕುಳಿತುಕೊಳ್ಳುತ್ತಾರೆ. ಜನರಿಂದ ಆರಿಸಿ ಬಂದ ಸದಸ್ಯರನ್ನು ಕರೆತರುವುದಕ್ಕಾಗಿ ಅವರ ದೂತರೊಬ್ಬರು ಕಾಮನ್ಸ್ ಸಭೆಯತ್ತ ನಡೆದುಹೋಗುತ್ತಾರೆ. ಕರಿಮರದ ಕೋಲನ್ನು ಹಿಡಿದಿರುವುದರಿಂದ ಈ ಅಧಿಕಾರಿಗೆ ‘ಬ್ಲ್ಯಾಕ್ ರಾಡ್’ ಎಂದೇ ಹೆಸರು. 2018ರಲ್ಲಿ ಸಾರಾ ಕ್ಲಾರ್ಕ್ ಎಂಬುವರು ಈ ಪದವಿಗೇರಿದ ಮೊದಲ ಮಹಿಳೆಯಾದರು. ದೂತರು ಸಮೀಪಿಸಿದೊಡನೆ ಒಳಗಿನವರು ಸಭಾಂಗಣದ ಬಾಗಿಲನ್ನು ಅವರ ಮುಖದೆದುರಿಗೇ ಧಡಾರನೆ ಮುಚ್ಚಿಬಿಡುತ್ತಾರೆ. ದೂತರು ಕೋಲಿನಿಂದ ಮೂರು ಬಾರಿ ಬಾಗಿಲು ತಟ್ಟಬೇಕು. ಆಮೇಲೆಯೇ ಅದು ತೆರೆಯುತ್ತದೆ. ಕಾಮನ್ಸ್ ಸಭೆ ನಡೆಯುತ್ತಿರುವಾಗ ದೊರೆ ಮಾತ್ರ ಅದರೊಳಕ್ಕೆ ಕಾಲಿಡುವಂತಿಲ್ಲ.

ನೋಡುವವರಿಗೆ ಇದೊಂದು ನಾಟಕದಂತೆ ತೋರುವುದು ಸಹಜ. ಬ್ರಿಟಿಷರ ಸಂಪ್ರದಾಯಪ್ರೀತಿಯನ್ನು ಮೆಚ್ಚುವವರು ಇದನ್ನು ಗಾಂಭೀರ್ಯವೆನ್ನುತ್ತಾರೆ. ಮೆಚ್ಚದವರು ಕಾಲಕ್ಕೆ ಒಗ್ಗದ ವೇಷಗಾರಿಕೆಯೆನ್ನುತ್ತಾರೆ. ಬಾಗಿಲನ್ನು ಏಕೆ ಮುಚ್ಚುತ್ತಾರೆಂಬುದನ್ನು ವಿಚಾರಿಸದೆ ಆಡುವ ಈ ಎರಡು ಮಾತುಗಳಿಗೂ ಹೆಚ್ಚಿನ ಬೆಲೆಯಿಲ್ಲ. ಆ ಬಾಗಿಲಿನ ಹಿಂದೆ ಒಂದು ಜಗಳದ ನೆನಪಿದೆ. ಜಗಳವೂ ಸಣ್ಣದಲ್ಲ, ಒಬ್ಬ ದೊರೆಯ ತಲೆಯೇ ಉರುಳಿದ ಜಗಳ ಅದು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಒಂದನೆಯ ಚಾರ್ಲ್ಸ್, ಅರಸನ ಅಧಿಕಾರವು ದೇವರಿಂದ ಬಂದುದೆಂದು ನಂಬಿದ್ದವನು. ದೇವರಿಗೆ ಹೊರತು ಬೇರೆ ಯಾರಿಗೂ ತಾನು ಉತ್ತರ ಹೇಳಬೇಕಾಗಿಲ್ಲವೆಂಬುದು ಅವನ ನಿಲುವು. 1629ರಿಂದ 1640ರವರೆಗೆ ಹನ್ನೊಂದು ವರ್ಷಗಳ ಕಾಲ ಅವನು ಪಾರ್ಲಿಮೆಂಟನ್ನು ಕರೆಯಲೇ ಇಲ್ಲ. ಆದರೆ ದೈವದತ್ತ ಅಧಿಕಾರಕ್ಕೂ ಹಣ ಬೇಕಷ್ಟೆ. ಕಡಲತೀರದ ಊರುಗಳು ನೌಕಾಪಡೆಯ ಸಲುವಾಗಿ ಕೊಡುತ್ತಿದ್ದ ‘ಹಡಗಿನ ಹಣ’ ಎಂಬ ಹಳೆಯ ತೆರಿಗೆಯೊಂದಿತ್ತು. ಅದನ್ನು ಅವನು ಕಡಲನ್ನೇ ಕಾಣದ ಒಳನಾಡಿನ ಜನರ ಮೇಲೂ ಹೇರಿದನು. ಜಾನ್ ಹ್ಯಾಂಪ್ಡನ್ ಎಂಬ ಭೂಮಾಲೀಕನು ಅದನ್ನು ಕೊಡಲು ನಿರಾಕರಿಸಿದನು. ಅವನ ಒಂದು ಜಮೀನಿನ ಮೇಲೆ ಬಿದ್ದಿದ್ದ ತೆರಿಗೆ ಕೇವಲ ಇಪ್ಪತ್ತು ಷಿಲಿಂಗು. ಅಷ್ಟು ಹಣ ಹ್ಯಾಂಪ್ಡನ್ನನಿಗೆ ಒಂದು ಲೆಕ್ಕವೇ ಅಲ್ಲ. ಆದರೂ ಅವನು ನ್ಯಾಯಾಲಯದ ಮೆಟ್ಟಿಲೇರಿದನು. ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಪಕ್ಷವಹಿಸಿದುದರಿಂದ ಸೋತನು. ಐವರು ದೊರೆಗೆ ವಿರುದ್ಧವಾಗಿ ನಿಂತರೆಂಬುದನ್ನು ಜನ ಮರೆಯಲಿಲ್ಲ. ಗೆದ್ದೂ ಸೋಲುವುದೆಂದರೆ ಹೀಗೆ.

ಸ್ಕಾಟ್ಲೆಂಡಿನವರೊಡನೆ ಯುದ್ಧ ಒದಗಿ ಬೊಕ್ಕಸ ಬರಿದಾದಾಗ, 1640ರಲ್ಲಿ ಚಾರ್ಲ್ಸನು ಅನಿವಾರ್ಯವಾಗಿ ಪಾರ್ಲಿಮೆಂಟನ್ನು ಕರೆಯಬೇಕಾಯಿತು. ಹನ್ನೊಂದು ವರ್ಷ ಒಳಗೇ ಕುದಿಯುತ್ತಿದ್ದ ಅಸಮಾಧಾನವೆಲ್ಲ ಒಮ್ಮೆಗೇ ಹೊರಗೆ ಬಂದಿತು. ಕೊನೆಗೆ 1642ರ ಜನವರಿ 4ರಂದು ದೊರೆಯು ಆಯುಧಪಾಣಿಗಳಾದ ಸೈನಿಕರನ್ನು ಕರೆದುಕೊಂಡು ತಾನೇ ಕಾಮನ್ಸ್ ಸಭೆಗೆ ಬಂದನು. ಸೈನಿಕರು ಬಾಗಿಲಲ್ಲಿ ನಿಂತರು. ಅವನು ಒಳಕ್ಕೆ ನಡೆದು ಸಭಾಧ್ಯಕ್ಷನ ಪೀಠವನ್ನೇ ಏರಿದನು. ಹ್ಯಾಂಪ್ಡನ್, ಜಾನ್ ಪಿಮ್ ಮೊದಲಾದ ಐವರು ಸದಸ್ಯರನ್ನು ರಾಜದ್ರೋಹದ ಆಪಾದನೆಯ ಮೇಲೆ ಹಿಡಿದೊಯ್ಯುವುದು ಅವನ ಉದ್ದೇಶ. ಸುದ್ದಿ ಮೊದಲೇ ತಿಳಿದುದರಿಂದ ಆ ಐವರೂ ತಪ್ಪಿಸಿಕೊಂಡಿದ್ದರು. ಅವರೆಲ್ಲಿ ಎಂದು ದೊರೆ ಸಭಾಧ್ಯಕ್ಷನನ್ನು ಕೇಳಿದನು. ವಿಲಿಯಂ ಲೆಂಥಾಲ್ ಎಂಬ ಆ ಸಭಾಧ್ಯಕ್ಷನು ದೊರೆಯ ಮುಂದೆ ಮೊಣಕಾಲೂರಿದನು. ಈ ಸಭೆಯ ಸೇವಕನಾದ ತನಗೆ ಇಲ್ಲಿ ಸಭೆಯ ಅಪ್ಪಣೆಯಾದ ಹೊರತು ನೋಡುವ ಕಣ್ಣೂ ಇಲ್ಲ, ಆಡುವ ನಾಲಗೆಯೂ ಇಲ್ಲ ಎಂದು ವಿನಯದಿಂದ ಬಿನ್ನವಿಸಿಕೊಂಡನು. ದೊರೆಯು ಬರಿಗೈಯಲ್ಲಿ ಹಿಂದಿರುಗಿದನು.

ಲೆಂಥಾಲನ ಮಾತಿನ ಸೊಗಸು ಇರುವುದು ಅದರ ವಿನಯದಲ್ಲಿ. ಅವನು ಕತ್ತಿ ಹಿರಿಯಲಿಲ್ಲ, ಎದೆ ಸೆಟೆಸಿ ನಿಲ್ಲಲಿಲ್ಲ. ಮೊಣಕಾಲ ಮೇಲೆ ಇದ್ದುಕೊಂಡೇ ‘ಆಗದು’ ಎಂದನು. ಅದಕ್ಕಿಂತ ಹಿಂದಿನ ಸಭಾಧ್ಯಕ್ಷರಲ್ಲಿ ಕೆಲವರು ದೊರೆಗಳ ಕೋಪಕ್ಕೆ ತಲೆಯನ್ನೇ ತೆತ್ತಿದ್ದರು. 1523ರಲ್ಲಿ ಸಭಾಧ್ಯಕ್ಷನಾಗಿದ್ದ ವಿದ್ವಾಂಸ ಥಾಮಸ್ ಮೋರ್ 1535ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಇಂದಿಗೂ ಹೊಸ ಸಭಾಧ್ಯಕ್ಷರು ಆಯ್ಕೆಯಾದಾಗ ಒಲ್ಲೆನೆಂಬಂತೆ ಹಿಂಜರಿಯುವುದೂ, ಇತರ ಸದಸ್ಯರು ಅವರ ಕೈಹಿಡಿದು ಪೀಠದೆಡೆಗೆ ಎಳೆದೊಯ್ಯುವುದೂ ಪದ್ಧತಿಯಾಗಿದೆ. ಭಾರತದ ಲೋಕಸಭೆಯಲ್ಲಿಯೂ ಪ್ರಧಾನಮಂತ್ರಿಗಳೂ ವಿರೋಧಪಕ್ಷದ ನಾಯಕರೂ ಹೊಸ ಸಭಾಧ್ಯಕ್ಷರನ್ನು ಪೀಠದವರೆಗೆ ಕರೆದೊಯ್ಯುತ್ತಾರೆ. ಹಿಂಜರಿಕೆಯ ಅಭಿನಯ ಮಾತ್ರ ಇಲ್ಲಿಲ್ಲ.

ಚಾರ್ಲ್ಸನ ಮುಂದಿನ ಕಥೆ ಎಲ್ಲರಿಗೂ ತಿಳಿದುದೇ. ಅದೇ ವರ್ಷ ಅಂತರ್ಯುದ್ಧ ಆರಂಭವಾಯಿತು, ದೊರೆ ಸೋತನು, 1649ರ ಜನವರಿ 30ರಂದು ಅವನ ಶಿರಚ್ಛೇದವಾಯಿತು. ಕೆಲಕಾಲ ಅರಸನಿಲ್ಲದೆ ಕಳೆದ ದೇಶ 1660ರಲ್ಲಿ ಅವನ ಮಗನನ್ನೇ ಪಟ್ಟಕ್ಕೆ ಕರೆಯಿತು. 1689ರ ಹಕ್ಕುಗಳ ಶಾಸನವು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಕೂಡದೆಂದೂ, ಸಭೆಯಲ್ಲಿ ಆಡಿದ ಮಾತಿಗಾಗಿ ಸದಸ್ಯರನ್ನು ಹೊರಗೆ ವಿಚಾರಣೆಗೆ ಗುರಿಪಡಿಸಕೂಡದೆಂದೂ ವಿಧಿಸಿತು. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಅರಸೊತ್ತಿಗೆ ಅಂಕಿತ ನಿರಾಕರಿಸಿದುದು 1708ರಲ್ಲಿ; ಅದೇ ಕೊನೆ. ಇಂದು ಸಿಂಹಾಸನದ ಮೇಲೆ ಕುಳಿತು ದೊರೆ ಓದುವ ಭಾಷಣದಲ್ಲಿ ಅವರದೆಂಬ ಮಾತು ಒಂದೂ ಇರುವುದಿಲ್ಲ. ಎಲ್ಲವನ್ನೂ ಮಂತ್ರಿಗಳೇ ಬರೆದುಕೊಟ್ಟಿರುತ್ತಾರೆ. 2023ರ ನವೆಂಬರ್ 7ರಂದು ಮೂರನೆಯ ಚಾರ್ಲ್ಸ್ ದೊರೆಯಾಗಿ ಮೊದಲ ಬಾರಿಗೆ ಇಂಥ ಭಾಷಣವನ್ನು ಓದಿದರು. ಬೆಂಗಳೂರಿನ ವಿಧಾನಸೌಧದಲ್ಲಿ ರಾಜ್ಯಪಾಲರು ಪ್ರತಿವರ್ಷ ಮಾಡುವ ಭಾಷಣವೂ ಇದೇ ಬಳ್ಳಿಯ ಕುಡಿ. ‘ನನ್ನ ಸರ್ಕಾರ’ ಎಂದು ಓದುವವರು ಅವರಾದರೂ ಬರಹ ಮಂತ್ರಿಮಂಡಲದ್ದು.

ಜಗಳದ ಕುರುಹುಗಳು ಬೇರೆಯೂ ಉಂಟು. ದೊರೆ ಪಾರ್ಲಿಮೆಂಟಿಗೆ ಬಂದಿರುವಷ್ಟು ಹೊತ್ತು ಕಾಮನ್ಸ್ ಸಭೆಯ ಸದಸ್ಯರೊಬ್ಬರು ಬಕಿಂಗ್‌ಹ್ಯಾಂ ಅರಮನೆಯಲ್ಲಿ ಒತ್ತೆಯಾಳಾಗಿ ಇರುತ್ತಾರೆ. ದೊರೆ ಕ್ಷೇಮವಾಗಿ ಮರಳಿದ ಮೇಲೆ ಅವರ ಬಿಡುಗಡೆ! 1605ರಲ್ಲಿ ಗೈ ಫಾಕ್ಸ್ ಮತ್ತು ಅವನ ಸಂಗಡಿಗರು ನೆಲಮಾಳಿಗೆಯಲ್ಲಿ ಮದ್ದಿನ ಪೀಪಾಯಿಗಳನ್ನಿರಿಸಿ ಪಾರ್ಲಿಮೆಂಟನ್ನೇ ಸಿಡಿಸಲು ಹೂಡಿದ ಸಂಚಿನ ನೆನಪಿಗಾಗಿ, ಕಾವಲುಭಟರು ಇಂದಿಗೂ ಆ ದಿನ ನೆಲಮಾಳಿಗೆಯನ್ನು ಶೋಧಿಸುತ್ತಾರೆ. ಹೇಳಿಕೊಂಡು ಬಂದುದೆಲ್ಲ ನಿಜವೆಂದು ಮಾತ್ರ ತಿಳಿಯಬಾರದು. ಕಾಮನ್ಸ್ ಸಭೆಯ ನೆಲಹಾಸಿನ ಮೇಲಿನ ಎರಡು ಕೆಂಪು ಗೆರೆಗಳ ನಡುವಣ ಅಂತರ ಎರಡು ಕತ್ತಿಗಳಷ್ಟು ಉದ್ದವೆಂದೂ, ಸದಸ್ಯರು ಪರಸ್ಪರ ಇರಿಯದಿರಲೆಂದು ಅದನ್ನು ಎಳೆದರೆಂದೂ ಪ್ರತೀತಿ. ಸದಸ್ಯರು ಸಭೆಯೊಳಕ್ಕೆ ಕತ್ತಿ ತರುತ್ತಿದ್ದರೆಂಬುದಕ್ಕೇ ದಾಖಲೆಯಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ಉಳಿಸಿಕೊಂಡ ಪದ್ಧತಿಯಿಂದ ಏನಾಗುತ್ತದೆಂಬುದಕ್ಕೂ ಇದೇ ಅರಮನೆಯಲ್ಲಿ ನಿದರ್ಶನವಿದೆ. ಬ್ರಿಟಿಷ್ ಖಜಾನೆಯು ಮಧ್ಯಯುಗದಿಂದಲೂ ಲೆಕ್ಕವನ್ನು ಮರದ ಕಡ್ಡಿಗಳ ಮೇಲೆ ಕಚ್ಚು ಹಾಕಿ ಇಡುತ್ತಿತ್ತು. ಕಾಗದ, ಶಾಯಿ, ಅಂಕಗಣಿತಗಳೆಲ್ಲ ಬಂದು ಶತಮಾನಗಳಾದರೂ ಈ ಕಡ್ಡಿಗಳ ಲೆಕ್ಕ 1826ರವರೆಗೆ ಉಳಿದಿತ್ತು. 1834ರ ಅಕ್ಟೋಬರ್ 16ರಂದು, ಬೇಡವಾದ ಆ ಕಡ್ಡಿಗಳ ರಾಶಿಯನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಸುಡುತ್ತಿದ್ದಾಗ ಬೆಂಕಿ ಹತ್ತಿ, ಹಳೆಯ ಅರಮನೆಯ ಬಹುಭಾಗ ಬೂದಿಯಾಯಿತು. ಗೈ ಫಾಕ್ಸನಿಂದ ಆಗದ ಕೆಲಸವನ್ನು ಲೆಕ್ಕದ ಕಡ್ಡಿಗಳು ಮಾಡಿ ಮುಗಿಸಿದವು. ಇಂದು ಪ್ರವಾಸಿಗಳು ಪ್ರಾಚೀನವೆಂದು ಬೆರಗಾಗಿ ನೋಡುವ ಕಟ್ಟಡದ ಬಹುಪಾಲು ಆ ಬೆಂಕಿಯ ತರುವಾಯ ಚಾರ್ಲ್ಸ್ ಬ್ಯಾರಿಯ ಯೋಜನೆಯಂತೆ ಕಟ್ಟಿದುದು.

ಕಡ್ಡಿಯ ಪದ್ಧತಿಗೆ ಅರ್ಥ ಸವೆದುಹೋಗಿತ್ತು. ಬಾಗಿಲಿನ ಪದ್ಧತಿಗೆ ಅರ್ಥವಿದೆ. ಆದರೆ ಅದು ಹೇಳುವುದು ಅರ್ಧ ಕಥೆಯನ್ನು. ದೊರೆಯ ಮುಖಕ್ಕೆ ಮುಚ್ಚಿದ ಬಾಗಿಲನ್ನು ಪ್ರತಿ ಅಧಿವೇಶನದಲ್ಲಿಯೂ ನೆನೆಯುವ ಕಾಮನ್ಸ್ ಸಭೆ, ತನ್ನ ಜನರ ಮುಖಕ್ಕೆ ತಾನೇ ಮುಚ್ಚಿದ ಬಾಗಿಲನ್ನು ನೆನೆಯಲು ಅಂಥ ಆಚರಣೆಯನ್ನು ಇಟ್ಟುಕೊಂಡಿಲ್ಲ.

1832ರವರೆಗೆ ಓಲ್ಡ್ ಸೇರಮ್ ಎಂಬ ಪಾಳುಬಿದ್ದ ದಿಬ್ಬ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುತ್ತಿತ್ತು. ಗಿರಣಿಗಳಿಂದ ತುಂಬಿದ್ದ ಮ್ಯಾಂಚೆಸ್ಟರ್ ನಗರಕ್ಕೆ ತನ್ನದೇ ಆದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಆ ವರ್ಷದ ಸುಧಾರಣೆಯಿಂದಲೂ ದುಡಿಯುವ ಜನಕ್ಕೆ ಮತ ದೊರೆಯಲಿಲ್ಲ. ವಯಸ್ಕ ಪುರುಷರೆಲ್ಲರಿಗೂ ಮತ ಬೇಕು, ಮತದಾನ ಗುಪ್ತವಾಗಿರಬೇಕು ಎಂದು ಮುಂತಾಗಿ ಬೇಡಿದ ಚಾರ್ಟಿಸ್ಟರು 1842ರಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸಹಿಗಳಿದ್ದ ಮನವಿಯನ್ನು ಹೊತ್ತು ತಂದರು. ಅದು ಎಷ್ಟು ದೊಡ್ಡದಾಗಿತ್ತೆಂದರೆ ಸಭೆಯ ಬಾಗಿಲಲ್ಲಿ ಹಿಡಿಸಲಿಲ್ಲ; ತುಂಡುತುಂಡು ಮಾಡಿ ಒಳಕ್ಕೆ ಸಾಗಿಸಬೇಕಾಯಿತು. ಒಳಗೆ ಹೋದ ಮೇಲೆ ಆದುದೇನು? 49ರ ವಿರುದ್ಧ 287 ಮತಗಳಿಂದ ಸಭೆ ಅದನ್ನು ತಳ್ಳಿಹಾಕಿತು. ಹೆಂಗಸರ ಪಾಡು ಇನ್ನೂ ಕಷ್ಟ. ಸಭೆಯ ಕಲಾಪವನ್ನು ಅವರು ಲೋಹದ ಜಾಲರಿಯ ಹಿಂದೆ ಕುಳಿತು ನೋಡಬೇಕಾಗಿತ್ತು. 1908ರಲ್ಲಿ ಇಬ್ಬರು ಮಹಿಳೆಯರು ತಮ್ಮನ್ನು ಆ ಜಾಲರಿಗೇ ಸರಪಳಿಯಿಂದ ಬಿಗಿದುಕೊಂಡು ಮತದ ಹಕ್ಕಿಗಾಗಿ ಕೂಗಿದರು. ಜಾಲರಿಯ ಸಮೇತ ಅವರನ್ನು ಹೊರಗೆ ತರಬೇಕಾಯಿತು. 1917ರಲ್ಲಿ ಜಾಲರಿ ಹೋಯಿತು. 1918ರಲ್ಲಿ ಮೂವತ್ತು ತುಂಬಿದ, ಆಸ್ತಿಯ ಅರ್ಹತೆಯುಳ್ಳ ಸ್ತ್ರೀಯರಿಗೂ, 1928ರಲ್ಲಿ ಪುರುಷರಿಗೆ ಸಮನಾಗಿ ಎಲ್ಲ ಸ್ತ್ರೀಯರಿಗೂ ಮತ ದೊರೆಯಿತು.

ಇದೇ ಬಾಗಿಲನ್ನು ತಟ್ಟಿದವರಲ್ಲಿ ದಾದಾಭಾಯಿ ನವರೋಜಿಯವರೂ ಒಬ್ಬರು. ಕರಿಯನೊಬ್ಬನನ್ನು ಆರಿಸುವ ಮಟ್ಟಕ್ಕೆ ಇಂಗ್ಲಿಷ್ ಮತದಾರರು ಬಂದಿರಲಾರರೆಂಬ ಅರ್ಥದ ಮಾತನ್ನು 1888ರಲ್ಲಿ ಅಂದಿನ ಪ್ರಧಾನಿ ಲಾರ್ಡ್ ಸಾಲ್ಸ್‌ಬರಿ ಬಹಿರಂಗವಾಗಿ ಆಡಿದ್ದನು. ನಾಲ್ಕು ವರ್ಷಗಳ ಬಳಿಕ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರು ನವರೋಜಿಯವರನ್ನು ಐದೇ ಮತಗಳ ಅಂತರದಿಂದ ಗೆಲ್ಲಿಸಿದರು. ಅವರ ವಾದಸರಣಿ ಹ್ಯಾಂಪ್ಡನ್ನನಿಗೆ ಅಪರಿಚಿತವಾಗುತ್ತಿರಲಿಲ್ಲ. ಪ್ರಜೆಯ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಬಾರದೆಂದು ದೊರೆಗೆ ಪಾಠ ಹೇಳಿದ ಜನ, ಭಾರತೀಯರ ಒಪ್ಪಿಗೆಯನ್ನೇ ಕೇಳದೆ ಅವರಿಂದ ತೆರಿಗೆ ಎತ್ತುತ್ತಿದ್ದರು. ಆ ದೇಶದ ಸಂಪತ್ತನ್ನು ಹೊರಕ್ಕೆ ಹರಿಸುತ್ತಿದ್ದರು. 1901ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಹೆಸರಿನಲ್ಲಿಯೇ ನವರೋಜಿಯವರು ಆ ಆಡಳಿತವನ್ನು ಬ್ರಿಟಿಷರಿಗೆ ತಕ್ಕುದಲ್ಲದ ಆಡಳಿತವೆಂದು ಕರೆದರು. ಎದುರಾಳಿಯ ಇತಿಹಾಸವನ್ನು ಅವನಿಗಿಂತ ಚೆನ್ನಾಗಿ ಓದಿಕೊಂಡವರ ಮಾತು ಅದು. 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳಿಂದ ನಾಶವಾದ ಕಾಮನ್ಸ್ ಸಭಾಂಗಣವನ್ನು ಮರಳಿ ಕಟ್ಟಿ 1950ರಲ್ಲಿ ತೆರೆದಾಗ, ಅದರ ಪ್ರವೇಶದ್ವಾರಗಳಿಗೆ ಬಾಗಿಲುಗಳನ್ನು ಕೊಡುಗೆಯಾಗಿ ಕೊಟ್ಟ ದೇಶಗಳು ಭಾರತ ಮತ್ತು ಪಾಕಿಸ್ತಾನ.

ಹಾಗಾದರೆ ಈ ಆಚರಣೆ ಇಂದು ಯಾವ ಕೆಲಸಕ್ಕೆ ಬರುತ್ತದೆ? ದೊರೆಯಿಂದ ಈಗ ಯಾರಿಗೂ ಅಪಾಯವಿಲ್ಲ. ದೊರೆಯ ಕೈಯಿಂದ ಕಳಚಿದ ಅಧಿಕಾರ ಗಾಳಿಯಲ್ಲಿ ಕರಗಿಹೋಗಲಿಲ್ಲ. ಅದರ ಬಹುಪಾಲು ಪ್ರಧಾನಮಂತ್ರಿಯ ಕೈಸೇರಿತು. ಪ್ರಧಾನಿಗೆ ಕಾಮನ್ಸ್ ಸಭೆಯ ಬಾಗಿಲು ಮುಚ್ಚುವುದಿಲ್ಲ; ಅವರು ಒಳಗೇ, ಮುಂದಿನ ಬೆಂಚಿನ ಮೇಲೆಯೇ ಕುಳಿತಿರುತ್ತಾರೆ. 2019ರಲ್ಲಿ, ಐರೋಪ್ಯ ಒಕ್ಕೂಟವನ್ನು ಬಿಡುವ ವಿಚಾರದಲ್ಲಿ ದೇಶವೇ ಎರಡಾಗಿ ಒಡೆದಿದ್ದಾಗ, ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟಿನ ಅಧಿವೇಶನವನ್ನು ಸುಮಾರು ಐದು ವಾರಗಳ ಕಾಲ ಮುಚ್ಚಿಡುವಂತೆ ರಾಣಿ ಎರಡನೆಯ ಎಲಿಜಬೆತ್ತರಿಗೆ ಸಲಹೆಯಿತ್ತರು. ಮಂತ್ರಿಗಳ ಸಲಹೆಯನ್ನು ಮೀರಕೂಡದೆಂಬ ಸಂಪ್ರದಾಯಕ್ಕೆ ಬದ್ಧರಾದ ರಾಣಿ ಒಪ್ಪಿಗೆ ಕೊಟ್ಟರು. ದೊರೆಯನ್ನು ಕಟ್ಟಿಹಾಕಲು ಹೊಸೆದ ಹಗ್ಗವೇ ಪಾರ್ಲಿಮೆಂಟಿನ ಕೊರಳಿಗೆ ಬಿದ್ದಂತಾಯಿತು. ಕಿರೀಟ, ಕೋಲು, ಸಾರೋಟುಗಳಲ್ಲಿ ಯಾವುದೂ ಅದನ್ನು ಬಿಡಿಸಲು ಬರಲಿಲ್ಲ. ಕೆಲವರು ನಾಗರಿಕರೂ ಪಾರ್ಲಿಮೆಂಟಿನ ಸದಸ್ಯರೂ ನ್ಯಾಯಾಲಯಕ್ಕೆ ಹೋದರು. ಅರಸನಿಗೆ ಕಾನೂನು ಕೊಟ್ಟಷ್ಟೇ ಅಧಿಕಾರವೆಂದು 1611ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಸಾರಿದ್ದ ತತ್ತ್ವವನ್ನು ವಕೀಲರು ಧೂಳು ಕೊಡವಿ ಎತ್ತಿಕೊಂಡರು. ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆ ಕಾನೂನುಬಾಹಿರವೆಂದೂ, ಅಧಿವೇಶನವು ಮುಕ್ತಾಯವಾಗಿಯೇ ಇಲ್ಲವೆಂದೂ ತೀರ್ಪಿತ್ತರು. ಮರುದಿನ ಬೆಳಗ್ಗೆ ಕಾಮನ್ಸ್ ಸಭೆ ಮತ್ತೆ ಸೇರಿತು. ಅಂದು ಕೋಲು ಹಿಡಿದು ಬಾಗಿಲು ತಟ್ಟಲು ಯಾರೂ ಬಂದಿರಲಿಲ್ಲ.