ಗುಂಪಿನಲ್ಲಿ ನಿಂತವನ ಹೊಣೆ

‘ಕಲ್ಲೆಸೆದವನು ಬೇರೆ, ಇವನು ಸುಮ್ಮನೆ ಜೊತೆಗೆ ನಿಂತಿದ್ದ’ ಎಂಬ ಮಾತು ಪ್ರತಿ ಗಲಭೆಯ ತರುವಾಯ ಊರೂರಿನಲ್ಲಿ ಕೇಳಿಬರುತ್ತದೆ. ಕಾನೂನು ಈ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಹಾಗೆಂದು ಪೂರ್ತಿ ತಳ್ಳಿಹಾಕುವುದೂ ಇಲ್ಲ. ಧರಣಿ, ಮೆರವಣಿಗೆ, ರಸ್ತೆತಡೆಗೆ ಹೊರಡುವ ಮಲೆನಾಡಿನ ಜನರೂ ವಿದ್ಯಾರ್ಥಿಗಳೂ ಇವೆರಡರ ನಡುವಣ ಗೆರೆಯನ್ನು ಅರಿತಿರುವುದು ಅವಶ್ಯ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ 34ನೆಯ ಕಲಮು ಈಗ 3(5) ಆಗಿದೆ, 149ನೆಯದು 190 ಆಗಿದೆ. ಸಂಖ್ಯೆ ಬದಲಾದರೂ ತತ್ತ್ವ ಹಳೆಯದೇ. ಸಮಾನ ಆಶಯದಿಂದ ಹಲವರು ಕೂಡಿ ಮಾಡಿದ ಕೃತ್ಯಕ್ಕೆ, ಒಬ್ಬೊಬ್ಬನೂ ತಾನೇ ಅದನ್ನು ಮಾಡಿದಂತೆ ಹೊಣೆಗಾರನೆಂಬುದು ಮೊದಲನೆಯದರ ಸಾರ. 1923ರಲ್ಲಿ ಕಲ್ಕತ್ತೆಯ ಶಂಕರಿತೊಲಾ ಅಂಚೆ ಕಚೇರಿಗೆ ನುಗ್ಗಿದವರು ಪೋಸ್ಟ್ ಮಾಸ್ಟರನ್ನು ಗುಂಡಿಕ್ಕಿ ಕೊಂದರು. ತಾನು ಹೊರಗೆ ನಿಂತಿದ್ದೆನೆಂದು ಒಬ್ಬ ಆರೋಪಿ ವಾದಿಸಿದ. ಪ್ರಿವಿ ಕೌನ್ಸಿಲ್ ಅದಕ್ಕೆ ಮಣಿಯಲಿಲ್ಲ.

ಎರಡನೆಯದರ ಬಲೆ ಇನ್ನೂ ಅಗಲವಾದುದು. ಐವರು ಅಥವಾ ಹೆಚ್ಚು ಮಂದಿ ಕಾನೂನು ನಿಷೇಧಿಸಿದ ಸಮಾನ ಉದ್ದೇಶದಿಂದ ಸೇರಿದರೆ ಅದು ಅಕ್ರಮಕೂಟ. ಆ ಉದ್ದೇಶದ ಸಾಧನೆಗಾಗಿ ಒಬ್ಬ ಸದಸ್ಯ ಎಸಗಿದ ಅಪರಾಧಕ್ಕೆ ಆಗ ಅಲ್ಲಿದ್ದ ಸದಸ್ಯರೆಲ್ಲರೂ ತಪ್ಪಿತಸ್ಥರು. ಆ ಅಪರಾಧ ನಡೆಯುವ ಸಂಭವವುಂಟೆಂದು ಅವರಿಗೆ ತಿಳಿದಿದ್ದರೂ ಅಷ್ಟೇ ಸಾಕು. ಪೂರ್ವಸಂಚು ಬೇಕಿಲ್ಲ. ಸೇರಿದಾಗ ಶಾಂತವಾಗಿದ್ದ ಸಭೆಯೂ ಬಳಿಕ ಅಕ್ರಮಕೂಟವಾಗಬಹುದೆಂದು ಕಾನೂನೇ ವಿವರಿಸಿದೆ. ಅದನ್ನರಿತೂ ಅಲ್ಲಿ ಮುಂದುವರಿದವನು ಸದಸ್ಯನೆನಿಸುತ್ತಾನೆ. ಮರ ಉಳಿಸಲು ಕೂತ ಧರಣಿಯಲ್ಲಿ ಯಾರೋ ಜೀಪಿಗೆ ಬೆಂಕಿಯಿಡಲು ಮುಂದಾದರೆ, ಉಳಿದವರು ತಡೆಯಬೇಕು, ಇಲ್ಲವೆ ಒಡನೆ ಅಲ್ಲಿಂದ ಸರಿದು ಹೋಗಬೇಕು. ನಿಂತು ನೋಡುವುದು ಅಪಾಯಕರ.

ಆದರೆ ಇದ್ದ ಮಾತ್ರಕ್ಕೆ ಅಪರಾಧಿಯಲ್ಲ. 1964ರ ಮಸಾಲ್ತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಯೊಬ್ಬನೂ ಕೈಯೆತ್ತಿದ್ದನೆಂದು ಸಿದ್ಧಪಡಿಸಬೇಕಿಲ್ಲವೆಂದಿತು. ಅದೇ ತೀರ್ಪಿನಲ್ಲಿ, ಉದ್ದೇಶದಲ್ಲಿ ಪಾಲಿಲ್ಲದೆ ಕೇವಲ ಕುತೂಹಲದಿಂದ ನೋಡುತ್ತಿದ್ದವನನ್ನು ಹೊರಗಿಟ್ಟಿತು. ಆರೋಪಿಗಳ ಸಂಖ್ಯೆ ದೊಡ್ಡದಿದ್ದಾಗ ಇಬ್ಬರು ಮೂವರಾದರೂ ಸಾಕ್ಷಿಗಳು ಸುಸಂಗತವಾಗಿ ಗುರುತಿಸಿದ್ದಾರೆಯೇ ಎಂದು ನೋಡುವ ಎಚ್ಚರಿಕೆಯೂ ಅಲ್ಲಿಯದೇ. ಪ್ರಥಮ ವರ್ತಮಾನ ವರದಿಯಲ್ಲಿ ನಾಲ್ಕು ಹೆಸರು ಬರೆದು ‘ಮತ್ತು ಇತರರು’ ಎಂದು ಖಾಲಿ ಬಿಟ್ಟು, ಬೇಡದವರ ಹೆಸರನ್ನು ತರುವಾಯ ತುಂಬಿಸಿಕೊಳ್ಳುವುದಕ್ಕೆ ಈ ಕಲಮು ಪರವಾನಗಿಯಲ್ಲ.

ಇಂಥ ದುರುಪಯೋಗದ ಭಯದಿಂದ ಕಲಮನ್ನೇ ಕಿತ್ತುಹಾಕಬೇಕೆನ್ನುವವರು ಮರಕುಂಬಿಯತ್ತ ನೋಡಬೇಕು. ಗಂಗಾವತಿಯ ಚಿತ್ರಮಂದಿರವೊಂದರ ಜಗಳವು 2014ರ ಆಗಸ್ಟ್‌ನಲ್ಲಿ ಆ ಊರಿನ ದಲಿತರ ಗುಡಿಸಲುಗಳಿಗೆ ಬೆಂಕಿಯಾಗಿ ಹಬ್ಬಿತು. ಉರಿಯುವ ಗುಡಿಸಲಿನಿಂದ ಮಕ್ಕಳನ್ನೆತ್ತಿಕೊಂಡು ಓಡುವವರು ಕಡ್ಡಿ ಗೀರಿದ ಕೈ ಯಾರದೆಂದು ಹೇಗೆ ಹೇಳಬಲ್ಲರು? 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಉಚ್ಚ ನ್ಯಾಯಾಲಯ ಅವರಲ್ಲಿ 97 ಮಂದಿಗೆ ಜಾಮೀನು ನೀಡಿದ್ದೂ ಉಂಟು.

ಕಂಬಾಲಪಲ್ಲಿಯ ಕಥೆ ಬೇರೆ. 2000ದ ಮಾರ್ಚ್ 11ರಂದು ಅಲ್ಲಿ 7 ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಗೊಂಡರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಲಮುಗಳಿಗೇನೂ ಕೊರತೆಯಿರಲಿಲ್ಲ, ಸಾಕ್ಷಿಗಳು ತಿರುಗಿಬಿದ್ದಿದ್ದರು. ಪ್ರಬಲರ ಹೊಲದಲ್ಲಿ ಕೂಲಿ ಮಾಡಿ, ಅವರ ಬೀದಿಯಲ್ಲೇ ನಡೆದು ಹೋಗಬೇಕಾದವರು ಕಟಕಟೆಯಲ್ಲಿ ಎಷ್ಟು ಹೊತ್ತು ಗಟ್ಟಿಯಾಗಿ ನಿಂತಾರು? ಸಾಕ್ಷಿ ಸಂರಕ್ಷಣಾ ಯೋಜನೆಗೆ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಒಪ್ಪಿಗೆಯಿತ್ತಿತು. ಪ್ರತಿ ರಾಜ್ಯವೂ ಅಂಥದೊಂದನ್ನು ರೂಪಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 398ನೆಯ ಕಲಮು ವಿಧಿಸಿದೆ. ಗುಂಪಿನ ಹೊಣೆಯ ಬಗ್ಗೆ ಮಾತನಾಡುವ ಸರ್ಕಾರ ಮೊದಲು ಹೇಳಬೇಕಾದುದು, ಊರಿನಲ್ಲಿ ಒಬ್ಬಂಟಿಯಾದ ಸಾಕ್ಷಿಯ ಮನೆಬಾಗಿಲಿಗೆ ಆ ರಕ್ಷಣೆಯನ್ನು ಯಾವಾಗ ತಲುಪಿಸುತ್ತದೆ ಎಂಬುದನ್ನು.