ಪೆಟ್ಟಿಗೆ ಹಾಕಿಸಿ, ಆದರೆ ಅವ್ವನ ಜಾಗ ಕಿತ್ಕೋಬೇಡಿ

ನಮ್ಮ ಬಳಗದ ಗೆಳೆಯನೊಬ್ಬ ಒಂದು ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕು ತೆಗೆದುಕೊಂಡ. ತಗ್ಗು ಸೀಟು, ಅಗಲ ಹ್ಯಾಂಡಲ್ಲು, ಕಾಲು ಮುಂದಕ್ಕೆ ಚಾಚಿ ಆರಾಮಾಗಿ ಕೂರುವ ಬೈಕು. ಅವನು ಊರೂರು ತಿರುಗಿ ಸುದ್ದಿ ಮಾಡುವವನು. ಕ್ಯಾಮೆರಾ, ಮೈಕು, ಟ್ರೈಪಾಡು, ಮಳೆ ಕೋಟು ಎಲ್ಲ ಬೆನ್ನಿಗೇ ಹಾಕಿಕೊಂಡು ಸೊಂಟ ಹಿಡಿದುಹೋಗಿತ್ತು. ಅದಕ್ಕೇ ಪೇಟೆಯ ಒಂದು ಅಂಗಡಿಗೆ ಹೋಗಿ ಎರಡೂ ಬದಿಗೆ ಗಟ್ಟಿ ಫೈಬರ್ ಪೆಟ್ಟಿಗೆ ಹಾಕಿಸಿದ. ಬೀಗ ಇದೆ, ನೀರು ಇಳಿಯಲ್ಲ, ನೋಡೋಕೂ ಚೆಂದ. ನಾವೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು.

ಆ ವಾರದ ಸಂತೆ ದಿನ ಅವನ ಅವ್ವ ಚೀಲ ಹಿಡಿದು ಬೈಕಿನ ಹತ್ತಿರ ಬಂದರು. ಅವರು ಕಾಲಿಡುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಕೂತಿತ್ತು. ಅಡ್ಡ ಬರುತ್ತೆ ಅಂತ ಸೀರೆ ಗಾರ್ಡನ್ನು ಅಂಗಡಿಯವರು ಕಳಚಿ ಗುಜರಿಗೆ ಎಸೆದಿದ್ದರು. ಅವ್ವ ಒಂದು ಗಳಿಗೆ ನೋಡಿ, "ನೀನು ಹೋಗಪ್ಪ, ನಾನು ಬಸ್ಸಿಗೇ ಬತ್ತೀನಿ" ಅಂದರು. ಮನೆಯಿಂದ ಬಸ್ ಸ್ಟಾಪಿಗೆ ಎರಡು ಕಿಲೋಮೀಟರ್. ನಾಲ್ಕು ತಿಂಗಳು ಅವರು ಹಾಗೇ ನಡೆದರು. ಜಗಳ ಮಾಡಲಿಲ್ಲ, ದೂರು ಹೇಳಲಿಲ್ಲ. ಹಾಗಾಗಿ ಮಗನಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಅದಕ್ಕೇ ಈ ಮಾತು. ಬೈಕಿಗೆ ಪೆಟ್ಟಿಗೆ ಹಾಕಿಸುವುದು ತಪ್ಪಲ್ಲ, ಒಳ್ಳೆಯದೇ. ಆದರೆ ಹಿಂದೆ ಕೂರುವವರನ್ನು ಮೊದಲು ಕೂರಿಸಿ ನೋಡಿ, ಆಮೇಲೆ ಪೆಟ್ಟಿಗೆಯ ಅಳತೆ ತೆಗೆಯಬೇಕು. ನಾವು ಮಾಡಿದ್ದು ಅದರ ಉಲ್ಟಾ.

ಎರಡು ಬದಿಗೆ ಹೇರು ಹಾಕುವುದು ನಮಗೆ ಹೊಸತಲ್ಲ. ಘಟ್ಟ ಹತ್ತಿ ಇಳಿಯುತ್ತಿದ್ದ ಹೇರೆತ್ತುಗಳ ಬೆನ್ನ ಮೇಲೆ ಎರಡೂ ಕಡೆ ಗೋಣಿ ಇಳಿಬಿಟ್ಟು ಉಪ್ಪು, ಅಡಿಕೆ, ದವಸ ಸಾಗಿಸಿದ ನಾಡು ಇದು. ಒಂದು ಕಡೆ ತೂಕ ಜಾಸ್ತಿಯಾದರೆ ಎತ್ತು ನಡೆಯಲ್ಲ ಅನ್ನೋದು ಹೇರು ಕಟ್ಟುವವನಿಗೆ ಗೊತ್ತಿತ್ತು. ಬೈಕು ಎತ್ತಿನ ಹಾಗೆ ನಿಂತು ಹಟ ಮಾಡಲ್ಲ. ತಿರುವಿನಲ್ಲಿ ಮಲಗಿಬಿಡುತ್ತೆ.

ಹಾಗಾದರೆ ತಪ್ಪಾಗಿದ್ದೆಲ್ಲಿ? ಫೋನಿನಲ್ಲಿ ನಾವು ನೋಡುವ ಚಿತ್ರಗಳಲ್ಲಿ. ದೊಡ್ಡ ಪೆಟ್ಟಿಗೆಗಳ ಕ್ರೂಸರ್ ಅಂದರೆ ಅಮೆರಿಕದ ಹಾರ್ಲೆ ಡೇವಿಡ್ಸನ್ ಬೈಕುಗಳ ರೂಪ. ಅಲ್ಲಿ ಹಿಂದೆ ಕೂರುವವರು ಆಚೀಚೆ ಕಾಲು ಹಾಕಿ ಕೂರುತ್ತಾರೆ. ಅವರ ಪಾದ ಪೆಟ್ಟಿಗೆಗಿಂತ ಮುಂದೆ ಇರುತ್ತದೆ, ಪೆಟ್ಟಿಗೆ ಯಾರಿಗೂ ಅಡ್ಡಿಯಾಗಲ್ಲ. ನಮ್ಮಲ್ಲಿ ಸೀರೆ ಉಟ್ಟವರು ಎಡಕ್ಕೆ ತಿರುಗಿ ಕೂರುತ್ತಾರೆ. ಎರಡೂ ಕಾಲು ಎಡಗಡೆಯೇ ಇಳಿಯಬೇಕು. ಪಾದಕ್ಕೆ ಆಸರೆಯೇ ಸೀರೆ ಗಾರ್ಡಿನ ಕೆಳಗಿನ ಪಟ್ಟಿ. ಪೆಟ್ಟಿಗೆ ಬಂದು ಕೂರುವುದು ಸರಿಯಾಗಿ ಅಲ್ಲೇ. ಚಿತ್ರ ಅಲ್ಲಿಂದ ಬಂತು, ಕೂರುವವರು ಇಲ್ಲಿಯವರು.

"ಆಚೀಚೆ ಕಾಲು ಹಾಕಿ ಕೂತರಾಯ್ತಪ್ಪ" ಅಂತ ಹೇಳುವವರಿದ್ದಾರೆ. ಚೂಡಿದಾರ್ ಹಾಕುವ ನಮ್ಮ ತಂಗಿಯರು ಹಾಗೇ ಕೂರುತ್ತಾರೆ, ಅದೇ ಹೆಚ್ಚು ಭದ್ರ ಕೂಡ. ಆದರೆ ಅರವತ್ತು ದಾಟಿದ, ಮಂಡಿ ನೋವಿರುವ, ಸೀರೆ ಉಟ್ಟ ಹೆಂಗಸಿಗೆ ಅಷ್ಟಗಲದ ಪೆಟ್ಟಿಗೆ ದಾಟಿಸಿ ಕಾಲು ಹಾಕು ಅನ್ನೋದು ನ್ಯಾಯವಲ್ಲ. ಪೆಟ್ಟಿಗೆಗೋಸ್ಕರ ಅವರು ಬದಲಾಗಬೇಕೋ, ಅವರಿಗೋಸ್ಕರ ಪೆಟ್ಟಿಗೆ ಬದಲಾಗಬೇಕೋ?

ಕಾನೂನು ಕೂಡ ಹಿಂದೆ ಕೂರುವವರ ಪರವೇ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದಿದ್ದು 1989ರಲ್ಲಿ. ಅದರ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಆಸರೆ, ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ರಕ್ಷಣೆ ಇರಲೇಬೇಕು. ಬಟ್ಟೆ ಚಕ್ರಕ್ಕೆ ಸಿಗಬಾರದು ಅನ್ನೋದೇ ಅದರ ಉದ್ದೇಶ. ಅಂದರೆ ಸೀರೆ ಗಾರ್ಡು ಅಂದಕ್ಕೆ ಕೊಟ್ಟ ವಸ್ತುವಲ್ಲ, ಬೇಡ ಅಂತ ಬಿಚ್ಚಿ ಎಸೆಯುವ ಹಾಗಿಲ್ಲ. 2020ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಬೈಕಿನ ಹಿಂದೆ ಇಡುವ ಹಗುರ ಪೆಟ್ಟಿಗೆಗೂ ಅಳತೆ ಹೇಳಿತು. ಉದ್ದ 550 ಮಿಲಿಮೀಟರ್, ಅಗಲ 510, ಎತ್ತರ 500 ಮೀರಬಾರದು. ಪೆಟ್ಟಿಗೆಯನ್ನು ಹಿಂದಿನವರು ಕೂರುವ ಜಾಗದಲ್ಲೇ ಇಟ್ಟರೆ ಓಡಿಸುವವನೊಬ್ಬನೇ ಹೋಗಬೇಕು. ಪೆಟ್ಟಿಗೆ ಬಂದರೆ ಒಬ್ಬರ ಜಾಗ ಹೋಗುತ್ತೆ ಅನ್ನೋದನ್ನು ಕಾನೂನು ಲೆಕ್ಕಕ್ಕೆ ತಗೊಂಡಿದೆ. ನಾವು ತಗೊಂಡಿರಲಿಲ್ಲ.

ಇನ್ನೊಂದು ಮಾತು. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದಕ್ಕೇ ನಮ್ಮ ಸಲಹೆ: ಚಾಸಿಗೆ ವೆಲ್ಡಿಂಗ್ ಮಾಡಿಸಬೇಡಿ, ಮಡ್‌ಗಾರ್ಡು ಕೊಯ್ಯಿಸಬೇಡಿ. ಬೇಕಾದಾಗ ನಟ್ಟು ಬಿಚ್ಚಿ ಬೈಕನ್ನು ಮೊದಲಿನ ಹಾಗೆ ಮಾಡುವಂತಿರಬೇಕು.

ಈಗ ಕೆಲಸದ ವಿಷಯಕ್ಕೆ ಬರೋಣ. ನಾಲ್ಕು ತಿಂಗಳಾದ ಮೇಲೆ ನಾವು ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಒಂದು ಭಾನುವಾರ ಕೂತು ಎಲ್ಲ ಬಿಚ್ಚಿ ಮತ್ತೆ ಹಾಕಿಸಿದೆವು. ಅಲ್ಲಿ ಕಲಿತದ್ದನ್ನು ಹೇಳುತ್ತೇವೆ.

ದುಡ್ಡು ಹಾಕಬೇಕಾದ್ದು ಮೊದಲು ಪೆಟ್ಟಿಗೆಗಲ್ಲ, ಅದನ್ನು ಹೊರುವ ಕಬ್ಬಿಣದ ಫ್ರೇಮಿಗೆ. ಪೇಟೆಯಲ್ಲಿ ನಮ್ಮ ಪೆಟ್ಟಿಗೆಗಳನ್ನು ಇಂಡಿಕೇಟರ್ ಹತ್ತಿರ ಎರಡೇ ಬೋಲ್ಟಿಗೆ ನೇತು ಹಾಕಿದ್ದರು. ಪ್ರತಿ ಹಂಪಿಗೂ ಅದು ಕೋಳಿ ರೆಕ್ಕೆ ಬಡಿದ ಹಾಗೆ ಬಡಿಯುತ್ತಿತ್ತು. ಫ್ರೇಮಿಗೆ ಒಂದೊಂದು ಬದಿಗೂ ಕಡಿಮೆ ಅಂದರೆ ಮೂರು ಕಡೆ ಆಸರೆ ಬೇಕು. ಶಾಕ್ ಅಬ್ಸಾರ್ಬರ್ ಮೇಲಿನ ಬೋಲ್ಟು, ಹಿಂದಿನ ಹಿಡಿಯ ಬೋಲ್ಟು, ಕೆಳಗೆ ಫುಟ್‌ರೆಸ್ಟಿನ ಹತ್ತಿರ ಒಂದು. ಎಡ ಬಲ ಫ್ರೇಮುಗಳನ್ನು ನಂಬರ್ ಪ್ಲೇಟಿನ ಹಿಂದೆ ಒಂದು ಅಡ್ಡಪಟ್ಟಿಯಿಂದ ಸೇರಿಸಿದರೆ ಅಲುಗಾಟ ನಿಲ್ಲುತ್ತದೆ. ಹಳೆ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕುವಾಗ ಅಷ್ಟೇ ಗಟ್ಟಿ ಬೋಲ್ಟು ಹಾಕಿಸಿ. ನಟ್ಟು ನೈಲಾನ್ ಒಳಪಟ್ಟಿ ಇರುವ ಲಾಕ್ ನಟ್ಟೇ ಆಗಿರಲಿ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಎಲ್ಲ ಬಿಗಿ ಮಾಡಿ.

ಅಳತೆ ತೆಗೆಯುವಾಗ ಹಿಂದೆ ಒಬ್ಬರು ಕೂತಿರಲೇಬೇಕು. ಭಾರ ಬಿದ್ದಾಗ ಬೈಕಿನ ಹಿಂಭಾಗ ಕುಗ್ಗುತ್ತದೆ. ಖಾಲಿ ಬೈಕಿನಲ್ಲಿ ಸರಿಯಾಗಿ ಕಂಡ ಪೆಟ್ಟಿಗೆ, ಇಬ್ಬರು ಕೂತಾಗ ಚಕ್ರಕ್ಕೋ ಸೈಲೆನ್ಸರಿಗೋ ತಾಗಬಹುದು. ಈ ಬೈಕುಗಳಲ್ಲಿ ಸೈಲೆನ್ಸರ್ ಬಲಕ್ಕಿರುವುದೇ ಹೆಚ್ಚು. ಅದಕ್ಕೂ ಪೆಟ್ಟಿಗೆಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿ, ತಳಕ್ಕೆ ಅಲ್ಯೂಮಿನಿಯಂ ತಗಡು ಹೊಡೆಸಿ. ಇಲ್ಲದಿದ್ದರೆ ಫೈಬರು ಮೆತ್ತಗಾಗುತ್ತೆ, ಒಳಗಿನ ಸಾಮಾನು ಬೇಯುತ್ತೆ. ಚೈನಿಗೆ ಎಣ್ಣೆ ಬಿಡಲು ಕೈ ಹೋಗುತ್ತಾ ನೋಡಿ. ಹಿಂದಿನ ಇಂಡಿಕೇಟರ್, ಲೈಟು, ನಂಬರ್ ಪ್ಲೇಟು ಮುಚ್ಚಬಾರದು. ರಾತ್ರಿ ನಿಮ್ಮ ಹಿಂದೆ ಬರುವ ಟ್ರ್ಯಾಕ್ಟರಿನವನಿಗೆ ಕಾಣುವುದು ಅದೊಂದೇ.

ಪೆಟ್ಟಿಗೆಯ ಹೊರ ಅಂಚು ಹ್ಯಾಂಡಲ್ಲಿನ ತುದಿಗಿಂತ ಆಚೆ ಬರಬಾರದು. ಹ್ಯಾಂಡಲ್ ನುಗ್ಗಿದ ಕಡೆ ಬೈಕು ಪೂರ್ತಿ ನುಗ್ಗುತ್ತೆ ಅಂತ ಓಡಿಸುವವನ ಕಣ್ಣು ನಂಬಿರುತ್ತದೆ. ತೋಟದ ಗೇಟು, ಓಣಿ, ಎಮ್ಮೆ ಹಿಂಡು ಎಲ್ಲ ಕಡೆ ಆ ನಂಬಿಕೆಯೇ ಕಾಪಾಡುವುದು.

ತೂಕ ಎರಡೂ ಕಡೆ ಸಮ ಇರಲಿ, ಭಾರದ್ದು ತಳದಲ್ಲಿ ಇರಲಿ. ನಾವು ಒಂದೊಂದು ಪೆಟ್ಟಿಗೆಗೆ ಐದು ಕೆಜಿ ಮೀರಿಸಲ್ಲ. ಟೈರಿನ ಗಾಳಿ ಇಬ್ಬರು ಕೂರುವಾಗಿನ ಲೆಕ್ಕಕ್ಕೆ ಇರಲಿ. ಮೊದಲ ದಿನ ಖಾಲಿ ರಸ್ತೆಯಲ್ಲಿ ಓಡಿಸಿ ಬ್ರೇಕ್ ಹಿಡಿದು ನೋಡಿ. ಮೊದಲಿಗಿಂತ ಸ್ವಲ್ಪ ಮುಂದೆ ಹೋಗಿಯೇ ನಿಲ್ಲುತ್ತೆ, ಅದು ಕೈಗೆ ಗೊತ್ತಾಗಬೇಕು.

ಇನ್ನು ಅವ್ವನ ಜಾಗದ ವಿಷಯ. ವೆಲ್ಡಿಂಗ್ ಶಾಪಿನ ಅಣ್ಣ ಒಂದು ಉಪಾಯ ಹೇಳಿದರು. ಫ್ರೇಮು ಬೈಕಿನಲ್ಲೇ ಇರಲಿ, ಪೆಟ್ಟಿಗೆ ಮಾತ್ರ ಕೀಲಿ ತಿರುಗಿಸಿ ಕಳಚುವಂತಿರಲಿ. ಎಡಗಡೆ ಫ್ರೇಮಿನ ಒಳಮೈಗೆ ಜಾಲರಿ ಹಾಕಿ, ಕೆಳಗೆ ಪಾದ ಇಡಲು ಅಗಲ ಪಟ್ಟಿ ಕೂರಿಸಿದರು. ಪೆಟ್ಟಿಗೆ ಕಳಚಿದರೆ ಅದೇ ಸೀರೆ ಗಾರ್ಡು. ಸುದ್ದಿಗೆ ಹೋಗುವ ದಿನ ಪೆಟ್ಟಿಗೆ, ಸಂತೆ ದಿನ ಅವ್ವ. ಕಳಚುವಾಗ ಎರಡನ್ನೂ ಕಳಚಬೇಕು, ಬಲದ್ದೊಂದನ್ನೇ ಬಿಟ್ಟರೆ ತೂಕ ಒಂದೇ ಕಡೆ ವಾಲುತ್ತೆ. ಸೀಟಿನ ಹಿಂದೆ ಎತ್ತರದಲ್ಲಿ ಒಂದೇ ಪೆಟ್ಟಿಗೆ ಇಡುವ ದಾರಿಯೂ ಇದೆ. ಆದರೆ ಅಲ್ಲಿ ಭಾರ ಮೇಲಕ್ಕೂ ಹಿಂದಕ್ಕೂ ಹೋಗುವುದರಿಂದ ಮುಂದಿನ ಚಕ್ರ ಹಗುರಾಗುತ್ತದೆ. ಅದಕ್ಕೆ ಮಳೆ ಕೋಟು, ಬಟ್ಟೆಯಂಥ ಹಗುರ ಸಾಮಾನು ಮಾತ್ರ ಸರಿ.

ನಮ್ಮಲ್ಲಿ ಕ್ರೂಸರ್ ಬೈಕು ಹಳೆಯದಾಯಿತು. ಬಜಾಜ್ ಅವೆಂಜರ್ ಬಂದಿದ್ದು 2005ರಲ್ಲಿ, ರಾಯಲ್ ಎನ್‌ಫೀಲ್ಡ್ ಮೀಟಿಯರ್ 2020ರಲ್ಲಿ. ಈಗ ಹಳ್ಳಿಯಲ್ಲೂ ಓಡಾಡುತ್ತಿವೆ. ಪೆಟ್ಟಿಗೆ ಮಾರುವವರು ಹೈವೇಯಲ್ಲಿ ಒಬ್ಬನೇ ಹೋಗುವ ಸವಾರನನ್ನಷ್ಟೇ ನೆನೆಯುತ್ತಾರೆ. ಪಡಿತರ ತರುವ ಅತ್ತೆ, ಆಸ್ಪತ್ರೆಗೆ ಹೋಗುವ ಅಜ್ಜಿ, ಕೂಸು ಎತ್ತಿಕೊಂಡ ಅಕ್ಕ ಅವರ ಲೆಕ್ಕದಲ್ಲಿಲ್ಲ. ಅಲ್ಲಿವರೆಗೆ ನೀವೇ ಕೇಳಬೇಕು: "ಸೀರೆ ಗಾರ್ಡು ಬಿಚ್ಚದೆ ಹಾಕ್ತೀರಾ?" ಆಗಲ್ಲ ಅಂದರೆ ಎದ್ದು ಬನ್ನಿ. ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಆಗುವ ಕೆಲಸ ಅದು.

ಹೊಸ ಫ್ರೇಮು ಕೂತ ಮೇಲೆ ಮೊದಲ ಸಂತೆ ದಿನ ಅವ್ವ ಮತ್ತೆ ಬಂದರು. ಪಟ್ಟಿಯ ಮೇಲೆ ಪಾದ ಒತ್ತಿ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಕೂತರು. "ಇದ ಮೊದ್ಲೇ ಮಾಡ್ಸಕ್ಕೆ ಏನಾಗಿತ್ತು?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ನೀವಾದರೂ ಮೊದಲೇ ಮಾಡಿಸಿ.